ಬಿಎಂಡಬ್ಲ್ಯು 2002 ಕಾರಿಗೆ ಇಂದಿನ ಟರ್ಬೊ: ಎಂ10 ಎಂಜಿನ್ ಕೆಲಸದ ದಾಖಲೆ

ಹಳೆಯ ಕಾರಿಗೆ ಟರ್ಬೊ (ಎಕ್ಸಾಸ್ಟ್ ಹೊಗೆಯ ಬಲದಿಂದ ತಿರುಗಿ ಎಂಜಿನ್‌ಗೆ ಗಾಳಿ ಒತ್ತಿ ತುಂಬುವ ಯಂತ್ರ) ಹಾಕುತ್ತೇನೆ ಅಂದರೆ ಸಾಕು, "ಎಷ್ಟು ಹಾರ್ಸ್‌ಪವರ್ ಬರುತ್ತೆ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ನನ್ನ ಕಾರು ಬಿಎಂಡಬ್ಲ್ಯು 2002 (ಇದು ಮಾದರಿಯ ಹೆಸರು, ಇಸವಿಯಲ್ಲ), ಅದರೊಳಗಿನ ಎಂಜಿನ್ ಎಂ10. ನನ್ನ ಉತ್ತರ ಕೇಳಿದವರಿಗೆಲ್ಲ ನಿರಾಸೆ. 160, ಹೆಚ್ಚೆಂದರೆ 170. 1973ರಲ್ಲಿ ಬಿಎಂಡಬ್ಲ್ಯು ಕಂಪನಿ ತಾನೇ 2002 ಟರ್ಬೊ ಎಂಬ ಕಾರು ತಂದಿತ್ತು. ಅದರ ಶಕ್ತಿಯೂ 170. ಅರ್ಧ ಶತಮಾನ ಕಳೆದ ಮೇಲೆ, ಹೊಸ ಟರ್ಬೊ, ಕಂಪ್ಯೂಟರ್ ಎಲ್ಲ ಹಾಕಿಯೂ ಅಷ್ಟೇನಾ? ಅಷ್ಟೇ. ನನಗೆ ಬೇಕಿದ್ದದ್ದು ಬೇರೆ.

ಆ ಹಳೆಯ ಟರ್ಬೊ ಕಾರು ಲ್ಯಾಗ್‌ಗೆ ಹೆಸರುವಾಸಿ. ಪೆಡಲ್ ಒತ್ತಿದರೆ ಮೊದಲು ಏನೂ ಆಗುವುದಿಲ್ಲ, ಆಮೇಲೆ ಎಲ್ಲವೂ ಒಟ್ಟಿಗೆ ಆಗುತ್ತದೆ. ಅದಕ್ಕೆ ಕಾರಣಗಳೂ ಇದ್ದವು. ಒತ್ತಿದ ಗಾಳಿಯನ್ನು ತಣಿಸುವ ಇಂಟರ್‌ಕೂಲರ್ ಇರಲಿಲ್ಲ. ನಾಕಿಂಗ್ (ಪೆಟ್ರೋಲ್ ಮಿಶ್ರಣ ತಾನಾಗೇ ಸಿಡಿಯುವುದು) ತಡೆಯಲು ಕಂಪ್ರೆಶನ್ ಅನುಪಾತವನ್ನು, ಅಂದರೆ ಪಿಸ್ಟನ್ ಮಿಶ್ರಣವನ್ನು ಎಷ್ಟು ಪಟ್ಟು ಕುಗ್ಗಿಸುತ್ತದೆ ಎಂಬುದನ್ನು, 6.9ಕ್ಕೆ ಇಳಿಸಿದ್ದರು. ಅಷ್ಟು ಇಳಿಸಿದರೆ ಬೂಸ್ಟ್ (ಟರ್ಬೊ ಕೊಡುವ ಹೆಚ್ಚುವರಿ ಗಾಳಿ ಒತ್ತಡ) ಇಲ್ಲದ ಹೊತ್ತಿನಲ್ಲಿ ಎಂಜಿನ್ ಮಂಕಾಗಿಬಿಡುತ್ತದೆ. ಟರ್ಬೊ ಚಕ್ರವೂ ಭಾರ. ಹಾಗಾಗಿ ಈ ಕೆಲಸದಲ್ಲಿ ಗುರಿ ಇಟ್ಟುಕೊಂಡದ್ದು ಅದೇ ಸಂಖ್ಯೆ, ಬೇರೆ ಆಕಾರ. ಟಾರ್ಕ್ (ಎಂಜಿನ್ ತಿರುಗಿಸುವ ಬಲ) ಬೇಗ ಶುರುವಾಗಬೇಕು, ಮೆತ್ತಗೆ ಏರಬೇಕು, ಎಂಜಿನ್ ಉಳಿಯಬೇಕು.

ಎಂಜಿನ್ ಯೋಗ್ಯವೋ ನೋಡುವುದು

ಎಂ10 ಎಂಜಿನ್ 1962ರಲ್ಲಿ ಬಿಎಂಡಬ್ಲ್ಯು 1500 ಕಾರಿನ ಜೊತೆ ಬಂತು. ಇದರ ಹಿಂದಿದ್ದವರು ಅಲೆಕ್ಸ್ ಫಾನ್ ಫಾಲ್ಕನ್‌ಹೌಸೆನ್. ಎರಕದ ಕಬ್ಬಿಣದ ಬ್ಲಾಕ್, ಅಲ್ಯೂಮಿನಿಯಂ ಹೆಡ್, ಐದು ಮೇನ್ ಬೇರಿಂಗ್, ಫೋರ್ಜ್ ಮಾಡಿದ ಕ್ರ್ಯಾಂಕ್. 2002 ಕಾರಿನ ಎಂಜಿನ್‌ಗೆ 89 ಮಿ.ಮೀ. ಬೋರ್, 80 ಮಿ.ಮೀ. ಸ್ಟ್ರೋಕ್, ಒಟ್ಟು 1,990 ಸಿಸಿ. ಒಂದೇ ಕಾರ್ಬುರೇಟರ್‌ನ ಸಾದಾ ಮಾದರಿಯಲ್ಲಿ 8.5 ಕಂಪ್ರೆಶನ್, 100 ಹಾರ್ಸ್‌ಪವರ್.

ಇದೇ ಬ್ಲಾಕ್‌ನ ಮೇಲೆ 1.5 ಲೀಟರ್‌ನ ಫಾರ್ಮುಲಾ 1 ಟರ್ಬೊ ಎಂಜಿನ್ ಕಟ್ಟಿದ್ದರು. ಅದನ್ನು ಕಟ್ಟಿದವರು ಪೌಲ್ ರೋಶೆ. 1983ರಲ್ಲಿ ನೆಲ್ಸನ್ ಪಿಕೆ ಬ್ರಾಭಮ್ ಕಾರಿನಲ್ಲಿ ಅದೇ ಎಂಜಿನ್‌ನಿಂದ ವಿಶ್ವ ಚಾಂಪಿಯನ್ ಆದರು. ಈ ಕಥೆ ಕೇಳಿ ಬಹಳ ಜನ ಬೂಸ್ಟ್ ಏರಿಸುತ್ತಾ ಹೋಗುತ್ತಾರೆ. ಬ್ಲಾಕ್ ಗಟ್ಟಿ ನಿಜ. ಆದರೆ ರಸ್ತೆ ಕಾರಿನೊಳಗಿರುವುದು ಎರಕದ ಪಿಸ್ಟನ್. ನಾಕಿಂಗ್ ಶುರುವಾದರೆ ಮೊದಲು ಒಡೆಯುವುದು ಪಿಸ್ಟನ್ ರಿಂಗ್‌ಗಳ ನಡುವಿನ ಅಂಚು. ಬ್ಲಾಕ್ ಎಷ್ಟು ಗಟ್ಟಿಯಾಗಿದ್ದರೂ ಅದರಿಂದ ಪಿಸ್ಟನ್‌ಗೆ ಏನೂ ಲಾಭವಿಲ್ಲ.

ಆದ್ದರಿಂದ ಟರ್ಬೊ ಪೆಟ್ಟಿಗೆ ಬಿಚ್ಚುವ ಮೊದಲೇ ಎಂಜಿನ್ ಪರೀಕ್ಷೆ. ಎಂಜಿನ್ ಬಿಸಿ ಮಾಡಿ, ನಾಲ್ಕೂ ಪ್ಲಗ್ ತೆಗೆದು, ಥ್ರಾಟಲ್ ಪೂರ್ತಿ ತೆರೆದು ಕಂಪ್ರೆಶನ್ ಅಳೆದೆ. ನಾಲ್ಕು ಸಿಲಿಂಡರ್‌ಗಳ ನಡುವೆ ವ್ಯತ್ಯಾಸ ಅರ್ಧ ಬಾರ್‌ಗಿಂತ ಕಡಿಮೆ (ಒಂದು ಬಾರ್ ಅಂದರೆ ಸುಮಾರು ವಾತಾವರಣದಷ್ಟು ಒತ್ತಡ). ಆಮೇಲೆ ಲೀಕ್‌ಡೌನ್ ಪರೀಕ್ಷೆ, ಅಂದರೆ ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು. ನನ್ನ ಮಟ್ಟಿಗೆ ಇದೇ ಮುಖ್ಯ, ಏಕೆಂದರೆ ಗಾಳಿ ಎಲ್ಲಿಂದ ಸೋರುತ್ತಿದೆ ಅನ್ನುವುದು ಕಿವಿಗೇ ಗೊತ್ತಾಗುತ್ತದೆ. ಸೈಲೆನ್ಸರ್‌ನಲ್ಲಿ ಸದ್ದು ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಮುಚ್ಚಳದಲ್ಲಿ ಬಂದರೆ ರಿಂಗ್, ರೇಡಿಯೇಟರ್‌ನಲ್ಲಿ ಗುಳ್ಳೆ ಬಂದರೆ ಗ್ಯಾಸ್ಕೆಟ್. ಎಲ್ಲ ಸಿಲಿಂಡರ್‌ಗಳೂ ಶೇಕಡಾ 10ರ ಒಳಗೆ ಇದ್ದವು. ರಿಂಗ್ ಸವೆದ ಎಂಜಿನ್‌ಗೆ ಟರ್ಬೊ ಹಾಕಬೇಡಿ. ಆ ದುಡ್ಡಲ್ಲಿ ಮೊದಲು ಎಂಜಿನ್ ಕಟ್ಟಿ.

ಆದರೂ ಹೆಡ್ ಇಳಿಸಿದೆ. ಹಳೆಯ ಗ್ಯಾಸ್ಕೆಟ್ ಮೇಲೆ ಬೂಸ್ಟ್ ಹಾಕಲು ಮನಸ್ಸು ಒಪ್ಪಲಿಲ್ಲ. ಹಲವು ಪದರದ ಸ್ಟೀಲ್ ಗ್ಯಾಸ್ಕೆಟ್ ಹಾಕಬೇಕಾದರೆ ಬ್ಲಾಕ್ ಮತ್ತು ಹೆಡ್ ಎರಡರ ಮೇಲ್ಮೈಯೂ ಕನ್ನಡಿಯಷ್ಟು ನಯವಾಗಿರಬೇಕು. ಹೆಡ್‌ನಿಂದ 0.2 ಮಿ.ಮೀ. ಕೆರೆಸಬೇಕಾಯಿತು. ಈ ಎಂಜಿನ್‌ನಲ್ಲಿ ಪಿಸ್ಟನ್ ಮೇಲಿನ ಜಾಗ ಒಂದು ಸಿಲಿಂಡರ್‌ಗೆ ಸುಮಾರು 66 ಸಿಸಿ. ಅಷ್ಟು ಕೆರೆದರೆ ಒಂದು ಸಿಸಿಗಿಂತ ಚೂರು ಜಾಸ್ತಿ ಹೋಗುತ್ತದೆ, ಕಂಪ್ರೆಶನ್ 8.6ರ ಮೇಲೆ ಹೋಗುತ್ತದೆ. ಅಷ್ಟೇ ದಪ್ಪ ಜಾಸ್ತಿ ಇರುವ ಗ್ಯಾಸ್ಕೆಟ್ ಆರಿಸಿ ಮತ್ತೆ 8.5ಕ್ಕೆ ತಂದೆ. ಬೋಲ್ಟ್‌ಗಳ ಬದಲು ಸ್ಟಡ್ ಹಾಕಿದೆ.

ಕಂಪ್ರೆಶನ್ ಇನ್ನೂ ಇಳಿಸಬೇಕಿತ್ತು ಅನ್ನುವವರಿದ್ದಾರೆ. ಅರ್ಧ ಬಾರ್ ಬೂಸ್ಟ್, ಇಂಟರ್‌ಕೂಲರ್, ಕಂಪ್ಯೂಟರ್ ಹತೋಟಿಯ ಇಗ್ನಿಶನ್ (ಕಿಡಿ) ಇದ್ದರೆ 8.5 ಸಾಕಷ್ಟು ಸುರಕ್ಷಿತ. 1973ರಲ್ಲಿ ಈ ಮೂರರಲ್ಲಿ ಬೂಸ್ಟ್ ಮಾತ್ರ ಇತ್ತು, ಅದಕ್ಕೇ 6.9.

ಟರ್ಬೊ ಆಯ್ಕೆ

ಇಲ್ಲಿ ಸ್ವಲ್ಪ ಲೆಕ್ಕ ಬೇಕು. ಲೆಕ್ಕ ಇಲ್ಲದೆ ಸುಮ್ನೆ ದೊಡ್ಡ ಟರ್ಬೊ ತಂದರೆ 1973ಕ್ಕೇ ವಾಪಸ್ ಹೋಗುತ್ತೇವೆ.

ನಾಲ್ಕು ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಪೂರ್ತಿ ಗಾತ್ರದ ಗಾಳಿ ಎಳೆಯುತ್ತದೆ. 6,000 ಆರ್‌ಪಿಎಂನಲ್ಲಿ 1.99 ಲೀಟರ್ ಎಂಜಿನ್ ನಿಮಿಷಕ್ಕೆ 5,970 ಲೀಟರ್ ಎಳೆಯಬೇಕು. ಎರಡು ವಾಲ್ವ್‌ನ ಹಳೆಯ ಹೆಡ್ ಅಲ್ವಾ, ಪೂರ್ತಿ ತುಂಬುವುದಿಲ್ಲ. ಶೇಕಡಾ 85 ಎಂದುಕೊಂಡರೆ ಸುಮಾರು 5,075 ಲೀಟರ್. ಅರ್ಧ ಬಾರ್ ಬೂಸ್ಟ್ ಅಂದರೆ ಸಿಲಿಂಡರ್‌ಗಳಿಗೆ ಗಾಳಿ ಹಂಚುವ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ ವಾತಾವರಣವೂ ಸೇರಿ 1.5 ಬಾರ್. ಗಾಳಿ 50 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಂದು ಘನ ಮೀಟರ್‌ಗೆ 1.6 ಕೆ.ಜಿ. ತೂಕ. ಒಟ್ಟು ನಿಮಿಷಕ್ಕೆ 8.2 ಕೆ.ಜಿ. ಗಾಳಿ. ಟರ್ಬೊ ನಕ್ಷೆಗಳ ಅಳತೆಯಲ್ಲಿ ಹೇಳುವುದಾದರೆ 18 ಪೌಂಡ್. ಒಂದು ಪೌಂಡ್ ಗಾಳಿಗೆ ಹತ್ತು ಹಾರ್ಸ್‌ಪವರ್ ಎಂಬುದು ಎಲ್ಲರೂ ಬಳಸುವ ಅಂದಾಜು. ಹಳೆಯ ಹೆಡ್, ತಡವಾಗಿ ಕೊಡುವ ಕಿಡಿ ಎಲ್ಲ ಕಳೆದರೆ 160ರಿಂದ 170ಕ್ಕೆ ಬಂದು ನಿಲ್ಲುತ್ತದೆ.

18 ಪೌಂಡ್ ಗಾಳಿಯನ್ನು ಅರ್ಧ ಬಾರ್‌ನಲ್ಲಿ ಕೊಡಲು ಚಿಕ್ಕ ಟರ್ಬೊ ಸಾಕು. ಗ್ಯಾರೆಟ್ ಕಂಪನಿಯ ಜಿಟಿ2554ಆರ್ ತೆಗೆದುಕೊಂಡೆ. 54 ಮಿ.ಮೀ. ಕಂಪ್ರೆಸರ್ ಚಕ್ರ, ಬಾಲ್ ಬೇರಿಂಗ್, ನೀರಿನಿಂದ ತಣಿಯುವ ನಡುಭಾಗ, ಒಳಗೇ ಕೂತ ವೇಸ್ಟ್‌ಗೇಟ್ (ಬೂಸ್ಟ್ ಮಿತಿ ಮೀರದಂತೆ ಎಕ್ಸಾಸ್ಟ್ ಅನ್ನು ಬದಿಗೆ ಬಿಡುವ ಬಾಗಿಲು). ಬಾಲ್ ಬೇರಿಂಗ್ ಇಲ್ಲದ ಟರ್ಬೊದಲ್ಲೂ ಈ ಕೆಲಸ ಆಗುತ್ತದೆ, ಬೆಲೆಯೂ ಕಡಿಮೆ. ಆದರೆ ಪೆಡಲ್ ಒತ್ತಿದ ತಕ್ಷಣ ಚಕ್ರ ವೇಗ ಹಿಡಿಯಬೇಕು ಎಂಬುದೇ ಈ ಕೆಲಸದ ಕಾರಣ. ಅಲ್ಲಿ ಉಳಿಸಿದರೆ ಉಳಿದದ್ದಕ್ಕೆಲ್ಲ ಅರ್ಥವಿಲ್ಲ.

ಜಾಗ ಹುಡುಕುವುದು, ಅಂದರೆ ಆಯಿಲ್‌ಗೆ ದಾರಿ ಹುಡುಕುವುದು

ಟರ್ಬೊ ಎಲ್ಲಿ ಕೂರಬೇಕು ಅನ್ನುವುದನ್ನು ಬಾನೆಟ್ ಒಳಗಿನ ಖಾಲಿ ಜಾಗ ತೀರ್ಮಾನಿಸುತ್ತದೆ ಎಂದು ಹೊರಗಿನಿಂದ ನೋಡಿದವರಿಗೆ ಅನ್ನಿಸುತ್ತದೆ. ನಿಜಕ್ಕೂ ತೀರ್ಮಾನಿಸುವುದು ಆಯಿಲ್ ವಾಪಸ್ ಹೋಗುವ ಕೊಳವೆ.

ಟರ್ಬೊಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ. ಹೊರಗೆ ಹೋಗುವಾಗ ಒತ್ತಡವಿಲ್ಲ. ಬೇರಿಂಗ್ ಒಳಗೆ ಚಚ್ಚಿಸಿಕೊಂಡು ಸೋಪಿನ ನೊರೆಯಂತೆ ಕೆಳಗೆ ಬೀಳುತ್ತದೆ, ಬರೀ ತನ್ನ ತೂಕದಿಂದ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಹರಿಯಬೇಕು. ದಾರಿಯಲ್ಲಿ ಎಲ್ಲಾದರೂ ಕೊಳವೆ ಬಾಗಿ ಮತ್ತೆ ಮೇಲೆದ್ದರೆ ಅಲ್ಲಿ ಆಯಿಲ್ ನಿಲ್ಲುತ್ತದೆ. ನಿಂತ ಆಯಿಲ್ ಟರ್ಬೊ ಒಳಗೇ ತುಂಬಿ ಸೀಲ್ ದಾಟಿ ಎಕ್ಸಾಸ್ಟ್‌ಗೆ ಬರುತ್ತದೆ. ನೀಲಿ ಹೊಗೆ. ಟರ್ಬೊದಲ್ಲಿ ಇರುವುದು ರಬ್ಬರ್ ಸೀಲ್ ಅಲ್ಲ, ಪಿಸ್ಟನ್ ರಿಂಗ್‌ನಂಥ ಲೋಹದ ಉಂಗುರ. ಆಯಿಲ್ ತಡೆದು ನಿಲ್ಲಿಸುವ ಶಕ್ತಿ ಅದಕ್ಕಿಲ್ಲ. "ಹೊಸ ಟರ್ಬೊನೇ ಹೊಗೆ ಬಿಡ್ತಿದೆ, ಡಿಫೆಕ್ಟ್ ಪೀಸ್" ಎಂದು ಬೈಯುವ ಬಹಳ ಕಡೆ ತಪ್ಪು ಈ ಕೊಳವೆಯದ್ದು.

ಎಂ10 ಎಂಜಿನ್ ಕಾರಿನೊಳಗೆ 30 ಡಿಗ್ರಿ ವಾಲಿಕೊಂಡು ಕೂತಿದೆ. ವಾಲಿರುವುದು ಎಕ್ಸಾಸ್ಟ್ ಕಡೆಗೆ. ಅಂದರೆ ಎಕ್ಸಾಸ್ಟ್ ಪೋರ್ಟ್‌ಗಳ ಕೆಳಗೆ ಟರ್ಬೊ ನೇತುಹಾಕಿದರೆ ಅದು ಸಂಪ್‌ನ ಆಯಿಲ್ ಮಟ್ಟಕ್ಕೆ ಬಹಳ ಹತ್ತಿರ ಬರುತ್ತದೆ. ಇಳಿಜಾರು ಎಲ್ಲಿ ಸಿಗಬೇಕು? ಆಯಿಲ್ ಎಳೆಯುವ ಪುಟ್ಟ ಪಂಪ್ ಹಾಕಿ ಪಾರಾಗಬಹುದು. ಆದರೆ ಆ ಪಂಪ್ ಕೆಟ್ಟ ದಿನ ಟರ್ಬೊವೂ ಕೆಡುತ್ತದೆ. ಕಾರಿನಲ್ಲಿ ಒಂದು ವಸ್ತು ಕಡಿಮೆ ಇದ್ದಷ್ಟೂ ಒಳ್ಳೆಯದು.

ಹಾಗಾಗಿ ಟರ್ಬೊವನ್ನು ಮುಂದಕ್ಕೆ, ಮೇಲಕ್ಕೆ ತಂದೆ. ರಟ್ಟು ಮತ್ತು ಪ್ಲಾಸ್ಟಿಕ್ ಪೈಪ್ ತುಂಡುಗಳಿಂದ ಮಾದರಿ ಮಾಡಿ ಬಾನೆಟ್ ಮುಚ್ಚಿ ನೋಡಿದೆ, ಎಂಜಿನ್ ಅಲುಗಾಡಿಸಿ ನೋಡಿದೆ. ಎಂಜಿನ್ ತನ್ನ ರಬ್ಬರ್ ಮೌಂಟ್‌ಗಳ ಮೇಲೆ ಎಷ್ಟು ಹೊರಳುತ್ತದೆ ಎಂಬುದನ್ನು ಬಹಳ ಜನ ಮರೆಯುತ್ತಾರೆ. ಈಗ ವಾಪಸ್ ಕೊಳವೆ ಮೇಲಿನಿಂದ ಕೆಳಗಿನವರೆಗೂ ಇಳಿಜಾರಿನಲ್ಲೇ ಇದೆ. ಒಳವ್ಯಾಸ 16 ಮಿ.ಮೀ. ಸಂಪ್‌ನಲ್ಲಿ ಆಯಿಲ್ ಮಟ್ಟಕ್ಕಿಂತ ಮೇಲೆ ತೂತು ಹೊಡೆದು, ಒಳಗಿನಿಂದ ನಟ್ ಬಿಗಿಯುವ ಫಿಟ್ಟಿಂಗ್ ಹಾಕಿದೆ. ಮಟ್ಟಕ್ಕಿಂತ ಕೆಳಗೆ ಬಿಟ್ಟರೆ ಮತ್ತೆ ಅದೇ ಕಥೆ, ಆಯಿಲ್ ಹಿಂದೆ ನಿಲ್ಲುತ್ತದೆ.

ಟರ್ಬೊ ನಡುಭಾಗದ ಆಯಿಲ್ ಅಕ್ಷ ನೆಟ್ಟಗೆ ನಿಂತ ಗೆರೆಯಿಂದ 35 ಡಿಗ್ರಿಗಿಂತ ಜಾಸ್ತಿ ವಾಲಬಾರದು ಎಂದು ಗ್ಯಾರೆಟ್ ಹೇಳುತ್ತದೆ. ಅದರ ಜೊತೆಗೆ ನೀರಿನ ಕೊಳವೆಗಳಿಗಾಗಿ ಸುಮಾರು 20 ಡಿಗ್ರಿ ಬೇಕೆಂದೇ ವಾಲಿಸಿ ಎಂದೂ ಹೇಳುತ್ತದೆ. ಎಂಜಿನ್ ಆಫ್ ಮಾಡಿದ ಮೇಲೆ ಪಂಪ್ ನಿಲ್ಲುತ್ತದೆ, ಆದರೆ ಟರ್ಬೈನ್ ಬಿಸಿ ಬೇರಿಂಗ್ ಕಡೆ ಬರುತ್ತಲೇ ಇರುತ್ತದೆ. ನೀರು ಹೊರಹೋಗುವ ಬಾಯಿ ಮೇಲಿದ್ದರೆ ಬಿಸಿ ನೀರು ತಾನಾಗೇ ಮೇಲೇರಿ ತಣ್ಣೀರು ಒಳಗೆ ಬರುತ್ತದೆ. ಕೀ ತೆಗೆದ ಮೇಲೂ ಎಂಜಿನ್ ಸ್ವಲ್ಪ ಹೊತ್ತು ಓಡಿಸುವ ಟರ್ಬೊ ಟೈಮರ್ ಎಂಬ ಡಬ್ಬಿ ಹಾಕುವುದಕ್ಕಿಂತ ಈ 20 ಡಿಗ್ರಿ ಒಳ್ಳೆಯದು. ನೀರನ್ನು ಹೀಟರ್ ಸಾಲಿನಿಂದ ತೆಗೆದುಕೊಂಡೆ.

ಒಳಬರುವ ಆಯಿಲ್‌ಗೆ ಪ್ರೆಶರ್ ಸ್ವಿಚ್ ಇರುವ ಜಾಗದಲ್ಲಿ ಟಿ ಕೂರಿಸಿದೆ. ಬಾಲ್ ಬೇರಿಂಗ್‌ಗೆ ಬೇಕಾದ ಆಯಿಲ್ ಕಡಿಮೆ. ಒತ್ತಡ ಜಾಸ್ತಿಯಾದರೆ ಅಲ್ಲೂ ಆಯಿಲ್ ಸೀಲ್ ದಾಟುತ್ತದೆ. ಅದಕ್ಕೆ ಸುಮಾರು 1 ಮಿ.ಮೀ. ತೂತಿನ ರಿಸ್ಟ್ರಿಕ್ಟರ್. ಅಷ್ಟು ಸಣ್ಣ ತೂತಿಗೆ ಕಸ ಸಿಕ್ಕಿಕೊಂಡರೆ ಬೇರಿಂಗ್ ಒಣಗುತ್ತದೆ, ಹಾಗಾಗಿ ಅದರ ಹಿಂದೆ ಸಣ್ಣ ಜಾಲರಿ ಫಿಲ್ಟರ್ ಕೂಡ ಇದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ವಿಷಯ ಕ್ರ್ಯಾಂಕ್‌ಕೇಸ್ ಗಾಳಿ. ಬೂಸ್ಟ್‌ನಲ್ಲಿ ರಿಂಗ್ ದಾಟಿ ಬರುವ ಅನಿಲ ಜಾಸ್ತಿ. ಅದು ಹೊರಹೋಗದಿದ್ದರೆ ಸಂಪ್‌ನಲ್ಲಿ ಒತ್ತಡ ಕಟ್ಟಿ ಟರ್ಬೊದ ಆಯಿಲ್ ಕೆಳಗಿಳಿಯಲು ಬಿಡುವುದಿಲ್ಲ. ಹಳೆಯ ಬ್ರೀದರ್ ಕೊಳವೆಯನ್ನು ದಪ್ಪ ಮಾಡಿ, ಆಯಿಲ್ ಹಿಡಿಯುವ ಡಬ್ಬಿಯ ಮೂಲಕ ಟರ್ಬೊದ ಗಾಳಿ ಬಾಯಿಗೆ ಕೊಟ್ಟೆ. ಇನ್‌ಟೇಕ್ ಮ್ಯಾನಿಫೋಲ್ಡ್‌ಗೆ ನೇರ ಕೊಟ್ಟಿದ್ದರೆ ಬೂಸ್ಟ್ ಬಂದಾಗ ಗಾಳಿ ಉಲ್ಟಾ ಕ್ರ್ಯಾಂಕ್‌ಕೇಸ್‌ಗೆ ನುಗ್ಗುತ್ತಿತ್ತು.

ಮ್ಯಾನಿಫೋಲ್ಡ್ ಮತ್ತು ಬಿಸಿ

ಉದ್ದುದ್ದ ಕೊಳವೆಗಳ ಚೆಂದದ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಹೆಡ್‌ನಿಂದ ಟರ್ಬೊಗೆ ಹೊಗೆ ಒಯ್ಯುವ ಭಾಗ) ಬೇಡ ಎಂದು ಮೊದಲೇ ನಿರ್ಧಾರ. ಅರ್ಧ ಬಾರ್ ಬೂಸ್ಟ್‌ಗೆ ಅದರಿಂದ ಸಿಗುವುದು ಅಷ್ಟಕ್ಕಷ್ಟೆ, ಬಿರುಕು ಬಿಡುವ ಜಾಗಗಳು ಮಾತ್ರ ಜಾಸ್ತಿ. ದಪ್ಪ ಗೋಡೆಯ ಸ್ಟೀಲ್ ಪೈಪ್ ಬಾಗುಗಳಿಂದ ಗಿಡ್ಡ ಮ್ಯಾನಿಫೋಲ್ಡ್ ಬೆಸೆದೆ. ಗಿಡ್ಡದಾದಷ್ಟೂ ಬಿಸಿ ಟರ್ಬೈನ್‌ಗೆ ತಲುಪುತ್ತದೆ, ಟರ್ಬೊ ಬೇಗ ಏಳುತ್ತದೆ.

ಹೆಡ್‌ಗೆ ಬಿಗಿಯುವ ಪಟ್ಟಿ, ಅಂದರೆ ಫ್ಲ್ಯಾಂಜ್, 12 ಮಿ.ಮೀ. ದಪ್ಪ. ಸ್ಟೀಲ್ ಬಿಸಿಗೆ ಹಿಗ್ಗುತ್ತದೆ. 40 ಸೆಂ.ಮೀ. ಉದ್ದದ ಸ್ಟೇನ್‌ಲೆಸ್ ಪಟ್ಟಿ 600 ಡಿಗ್ರಿ ಬಿಸಿಯಾದರೆ ನಾಲ್ಕು ಮಿ.ಮೀ.ಗೂ ಜಾಸ್ತಿ ಬೆಳೆಯುತ್ತದೆ. ಸಾದಾ ಸ್ಟೀಲ್ ಮೂರು ಮಿ.ಮೀ.ನಷ್ಟು. ಹೆಡ್‌ಗೆ ಬಿಗಿದ ಫ್ಲ್ಯಾಂಜ್ ಅಷ್ಟೆಲ್ಲ ಬಿಸಿಯಾಗುವುದಿಲ್ಲ, ಅದರಾಚೆಯ ಪೈಪ್ ಆಗುತ್ತದೆ. ಆದರೂ ಬೋಲ್ಟ್ ತೂತುಗಳು ಬಿಗಿಯಾಗಿದ್ದರೆ ಒಂದೋ ಸ್ಟಡ್ ಮುರಿಯುತ್ತದೆ ಇಲ್ಲ ಬೆಸುಗೆ ಬಿಡುತ್ತದೆ. ಅದಕ್ಕೇ ಸಾದಾ ಸ್ಟೀಲ್ ಆರಿಸಿದೆ, ಎರಡೂ ತುದಿಯ ತೂತುಗಳನ್ನು ಉದ್ದಕ್ಕೆ ಮಾಡಿದೆ, ಬೆಸುಗೆ ಮುಗಿದ ಮೇಲೆ ಪೋರ್ಟ್‌ಗಳ ನಡುವೆ ಫ್ಲ್ಯಾಂಜ್ ಕತ್ತರಿಸಿದೆ. ತುಕ್ಕು ಹಿಡಿಯುತ್ತದೆ ನಿಜ. ಹಿಡಿಯಲಿ, ಸೆರಾಮಿಕ್ ಲೇಪನ ಇದೆ.

ಟರ್ಬೊ ಭಾರವನ್ನು ಮ್ಯಾನಿಫೋಲ್ಡ್ ಮೇಲೆ ಪೂರ್ತಿ ಬಿಡಬಾರದು. ಬ್ಲಾಕ್‌ನಿಂದ ಒಂದು ಆಧಾರ ಕಡ್ಡಿ ಕೊಟ್ಟೆ. ಟರ್ಬೊದಿಂದ ಹೊಗೆ ಹೊರಗೆ ಒಯ್ಯುವ ಡೌನ್‌ಪೈಪ್ ಎರಡೂವರೆ ಇಂಚು, ಮಧ್ಯೆ ಬಾಗುವ ಜೋಡಣೆ.

ಬಿಸಿ ತಡೆಯುವ ಕೆಲಸ ಬೇಸರದ್ದು, ಆದರೆ ಕಾರು ಸುಟ್ಟುಹೋಗುವುದು ಅಲ್ಲೇ ಬಿಟ್ಟ ಮೂಲೆಯಿಂದ. ಬ್ರೇಕ್ ಪೈಪ್, ಎಂಜಿನ್ ಮೌಂಟ್ ರಬ್ಬರ್, ಆಯಿಲ್ ಕೊಳವೆಗಳು, ವೈರಿಂಗ್ ಇವೆಲ್ಲ ಟರ್ಬೈನ್‌ನಿಂದ ಒಂದು ಗೇಣಿನೊಳಗೆ ಇದ್ದವು. ಎರಡು ಪದರದ ಅಲ್ಯೂಮಿನಿಯಂ ತಗಡು, ನಡುವೆ ಗಾಳಿಗೆ ಜಾಗ. ತಗಡನ್ನು ಬಿಸಿ ಭಾಗಕ್ಕೆ ಅಂಟಿಸುವುದಕ್ಕಿಂತ ಇಷ್ಟು ಅಂತರ ಬಿಟ್ಟರೆ ಹೆಚ್ಚು ತಡೆಯುತ್ತದೆ.

ಇಂಟರ್‌ಕೂಲರ್ ಬಗ್ಗೆ ಹೇಳಲು ಜಾಸ್ತಿ ಇಲ್ಲ. 30 ಡಿಗ್ರಿ ಗಾಳಿಯನ್ನು ಅರ್ಧ ಬಾರ್ ಒತ್ತಿದರೆ, ಕಂಪ್ರೆಸರ್ ದಕ್ಷತೆ ಶೇಕಡಾ 70 ಇದ್ದರೂ ಅದು 83 ಡಿಗ್ರಿ ಆಗುತ್ತದೆ. ಸಾಧಾರಣ ಇಂಟರ್‌ಕೂಲರ್ ಇದನ್ನು 46ರ ಹತ್ತಿರ ತರುತ್ತದೆ. ರೇಡಿಯೇಟರ್ ಮುಂದೆ, ಕೆಳಭಾಗದಲ್ಲಿ ಕೂತಿತು. ಪೈಪ್ ತುದಿಗಳಲ್ಲಿ ಉಬ್ಬು ಮಾಡಿಸಿ, ಮೇಲೆ ಸಿಲಿಕಾನ್ ಹೋಸ್. ಉಬ್ಬಿಲ್ಲದಿದ್ದರೆ ಹೋಸ್ ಹಾರಿಹೋಗುವುದು ಖಂಡಿತ.

ಪೆಟ್ರೋಲ್ ಮತ್ತು ಕಿಡಿ

ಕಾರ್ಬುರೇಟರ್ ಇಟ್ಟುಕೊಂಡೇ ಟರ್ಬೊ ಹಾಕಬಹುದು. ಫ್ಲೋಟ್ ಬೌಲ್‌ಗೂ ಬೂಸ್ಟ್ ಕೊಟ್ಟು, ಪೆಟ್ರೋಲ್ ಒತ್ತಡವನ್ನು ಬೂಸ್ಟ್ ಜೊತೆ ಏರಿಸಿದರೆ ಕೆಲಸ ಮಾಡುತ್ತದೆ. ಹಿಂದೆ ಹಾಗೇ ಮಾಡುತ್ತಿದ್ದರು. ನನಗೆ ಮಾತ್ರ ಕಿಡಿಯ ಸಮಯದ ಮೇಲೆ ಪೂರ್ತಿ ಹತೋಟಿ ಬೇಕಿತ್ತು. ಕಂಪ್ಯೂಟರ್ ಹೇಗೂ ಬರುತ್ತದೆ ಅಂದಮೇಲೆ ಪೆಟ್ರೋಲ್ ಕೆಲಸವನ್ನೂ ಅದಕ್ಕೇ ಕೊಡುವುದು ಸರಿ.

ಇನ್‌ಟೇಕ್‌ಗೆ 1980ರ ದಶಕದ ಬಿಎಂಡಬ್ಲ್ಯು 318ಐ ಕಾರಿನ ಇಂಜೆಕ್ಷನ್ ಮ್ಯಾನಿಫೋಲ್ಡ್ ಸಿಕ್ಕಿತು. ಅದೂ ಎಂ10 ಕುಟುಂಬದ್ದೇ. ಪೋರ್ಟ್ ಅಂಚುಗಳನ್ನು ಸ್ವಲ್ಪ ತಿದ್ದಿ ಕೂರಿಸಿದೆ. ಹಳೆಯ ಪೆಟ್ರೋಲ್ ಪಂಪ್ ಕ್ಯಾಮ್‌ಶಾಫ್ಟ್‌ನಿಂದ ನಡೆಯುತ್ತಿತ್ತು. ಅದನ್ನು ತೆಗೆದು ಬಾಯಿ ಮುಚ್ಚಿದೆ. ಇಂಜೆಕ್ಟರ್‌ಗೆ ಬೇಕಾದದ್ದು 3 ಬಾರ್, ಹಾಗಾಗಿ ಟ್ಯಾಂಕ್‌ನಿಂದ ಇಂಜೆಕ್ಟರ್‌ವರೆಗೆ ಎಲ್ಲ ಹೋಸ್ ಬದಲು, ಟ್ಯಾಂಕ್‌ಗೆ ವಾಪಸ್ ಸಾಲು, ತಿರುವಿನಲ್ಲಿ ಪೆಟ್ರೋಲ್ ಒಂದು ಬದಿಗೆ ಹೋದಾಗ ಪಂಪ್ ಒಣಗದಂತೆ ಸಣ್ಣ ತೊಟ್ಟಿ. ರೆಗ್ಯುಲೇಟರ್‌ಗೆ ಮ್ಯಾನಿಫೋಲ್ಡ್ ಒತ್ತಡ ಕೊಟ್ಟಿದ್ದೇನೆ. ಬೂಸ್ಟ್ ಎಷ್ಟು ಏರುತ್ತದೋ ಪೆಟ್ರೋಲ್ ಒತ್ತಡವೂ ಅಷ್ಟೇ ಏರುತ್ತದೆ.

ಇಂಜೆಕ್ಟರ್ ನಿಮಿಷಕ್ಕೆ 440 ಸಿಸಿ. ಹಿಂದಿನ ಲೆಕ್ಕ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ. 8.2 ಕೆ.ಜಿ. ಗಾಳಿಗೆ, ಬೂಸ್ಟ್‌ನಲ್ಲಿ ಲ್ಯಾಂಬ್ಡಾ 0.8 (ಪೂರ್ತಿ ಉರಿಯಲು ಬೇಕಾದ ಗಾಳಿಯ ಶೇಕಡಾ 80 ಮಾತ್ರ, ಅಂದರೆ ಪೆಟ್ರೋಲ್ ಜಾಸ್ತಿ) ಇಟ್ಟರೆ, ಸುಮಾರು 700 ಗ್ರಾಂ ಪೆಟ್ರೋಲ್ ಬೇಕು. ಅಂದರೆ ಪ್ರತಿ ಇಂಜೆಕ್ಟರ್‌ಗೆ 234 ಸಿಸಿ. 440ರ ಇಂಜೆಕ್ಟರ್ ಶೇಕಡಾ 53ರಷ್ಟು ಹೊತ್ತು ತೆರೆದಿದ್ದರೆ ಸಾಕು. ಈ 53 ನೆನಪಿಟ್ಟುಕೊಳ್ಳಿ.

ಕಂಪ್ಯೂಟರ್‌ಗೆ ಸ್ಪೀಡುಯಿನೊ. ಇದು ಓಪನ್ ಸೋರ್ಸ್, ಆರ್ಡುಯಿನೊ ಎಂಬ ಸಣ್ಣ ಎಲೆಕ್ಟ್ರಾನಿಕ್ ಬೋರ್ಡ್ ಮೇಲೆ ಕಟ್ಟಿದ್ದು. ಡಿಸ್ಟ್ರಿಬ್ಯೂಟರ್ ಈ ಎಂಜಿನ್‌ನಲ್ಲಿ ಹೆಡ್‌ನ ಹಿಂತುದಿಯಲ್ಲಿದೆ, ಅದಕ್ಕೆ ನಿವೃತ್ತಿ. ಅದರ ಬದಲು ಕ್ರ್ಯಾಂಕ್ ಪುಲ್ಲಿ ಮೇಲೆ 36 ಹಲ್ಲಿನಲ್ಲಿ ಒಂದು ಹಲ್ಲು ಇಲ್ಲದ ಚಕ್ರ, ಎದುರಿಗೆ ಸೆನ್ಸರ್. ಇಲ್ಲದ ಹಲ್ಲು ಬಂದಾಗ ಕ್ರ್ಯಾಂಕ್ ಎಲ್ಲಿದೆ ಎಂದು ಕಂಪ್ಯೂಟರ್‌ಗೆ ಗೊತ್ತಾಗುತ್ತದೆ. ಒಂದು ಕಾಯಿಲ್ ಎರಡು ಸಿಲಿಂಡರ್‌ಗೆ ಒಟ್ಟಿಗೆ ಕಿಡಿ ಕೊಡುತ್ತದೆ. ಹಳೆಯ ಕ್ಯಾಪ್, ರೋಟರ್, ಪಾಯಿಂಟ್ ಸವೆತ ಎಲ್ಲದರಿಂದ ಮುಕ್ತಿ. ಪ್ಲಗ್ ಒಂದು ಮೆಟ್ಟಿಲು ತಣ್ಣಗಿನದ್ದು, ಗ್ಯಾಪ್ 0.6 ಮಿ.ಮೀ. ಒತ್ತಿದ ಗಾಳಿಯಲ್ಲಿ ಕಿಡಿ ಹಾರುವುದು ಕಷ್ಟ, ದೊಡ್ಡ ಗ್ಯಾಪ್ ಬಿಟ್ಟರೆ ಬೂಸ್ಟ್‌ನಲ್ಲಿ ಎಂಜಿನ್ ತೊದಲುತ್ತದೆ.

ನಾಕ್ ಸೆನ್ಸರ್ ಎರಡನೇ ಮತ್ತು ಮೂರನೇ ಸಿಲಿಂಡರ್ ನಡುವೆ ಬ್ಲಾಕ್‌ಗೆ ಬಿಗಿದೆ. ನಾಕಿಂಗ್ ಸದ್ದಿಗೆ ಒಂದು ನಿಶ್ಚಿತ ಸ್ವರವಿದೆ, ಅದು ಬೋರ್ ಗಾತ್ರದಿಂದ ಬರುತ್ತದೆ. 900ನ್ನು ಪೈ ಮತ್ತು ಮಿ.ಮೀ. ಲೆಕ್ಕದ ಬೋರ್ ತ್ರಿಜ್ಯದ ಗುಣಲಬ್ಧದಿಂದ ಭಾಗಿಸಿದರೆ ಕಿಲೋಹರ್ಟ್ಸ್ ಸಿಗುತ್ತದೆ. 89 ಮಿ.ಮೀ. ಬೋರ್‌ಗೆ ಸುಮಾರು 6.4. ಆ ಸ್ವರವನ್ನಷ್ಟೇ ಎತ್ತಿ ಹೆಡ್‌ಫೋನ್‌ಗೆ ಕೊಡುವ ಸಣ್ಣ ಆಂಪ್ಲಿಫೈಯರ್ ಮಾಡಿಕೊಂಡೆ. ಎಂಜಿನ್ ಸದ್ದಿನ ನಡುವೆ ಜಲ್ಲಿಕಲ್ಲು ಚೆಲ್ಲಿದ ಸದ್ದು ಬಂದರೆ ತಕ್ಷಣ ಪೆಡಲ್ ಬಿಡಬೇಕು. ಹಳೆಯ ಎಂಜಿನ್‌ನಲ್ಲಿ ರಾಕರ್ ಗದ್ದಲ ಜಾಸ್ತಿ. ಕಂಪ್ಯೂಟರ್ ಅದನ್ನೇ ನಾಕಿಂಗ್ ಎಂದುಕೊಳ್ಳುತ್ತದೆ, ಕಿವಿ ಮೋಸ ಹೋಗುವುದಿಲ್ಲ.

ಮೊದಲ ಸ್ಟಾರ್ಟ್, ಆಮೇಲೆ ಟ್ಯೂನಿಂಗ್

ಪ್ಲಗ್ ತೆಗೆದು, ಪೆಟ್ರೋಲ್ ಕಿಡಿ ಎರಡೂ ಬಂದ್ ಮಾಡಿ, ಆಯಿಲ್ ಒತ್ತಡ ಬರುವವರೆಗೆ ಸ್ಟಾರ್ಟರ್‌ನಿಂದ ತಿರುಗಿಸಿದೆ. ವಾಪಸ್ ಕೊಳವೆಯನ್ನು ಸಂಪ್ ಕಡೆ ಬಿಚ್ಚಿಟ್ಟು, ಅದರಿಂದ ಆಯಿಲ್ ಹರಿಯುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಪ್ಲಗ್ ಹಾಕಿದ್ದು. ಸ್ಟಾರ್ಟ್ ಸುಲಭವಾಗಿ ಆಯಿತು. ಮೊದಲ ಹೊಗೆ ಎಲ್ಲ ಮ್ಯಾನಿಫೋಲ್ಡ್ ಮೇಲಿನ ಕೈ ಜಿಡ್ಡು ಮತ್ತು ಲೇಪನ ಸುಡುವ ಹೊಗೆ, ಗಾಬರಿ ಬೇಡ.

ಕೆಲವು ಬಿಸಿ-ತಣ್ಣನೆ ಸುತ್ತು ಆದ ಮೇಲೆ ಟರ್ಬೊ ಫ್ಲ್ಯಾಂಜ್‌ನಲ್ಲಿ ಚಿಕ್‌ಚಿಕ್ ಸದ್ದು. ನಟ್ ಸಡಿಲವಾಗಿದ್ದವು. ಬಿಸಿಗೆ ಇದು ಸಹಜ. ತಾಮ್ರದ ಲೇಪದ ಲಾಕಿಂಗ್ ನಟ್ ಮತ್ತು ಮಡಚುವ ವಾಷರ್ ಹಾಕಿ ಬಿಗಿದ ಮೇಲೆ ಮತ್ತೆ ಬಿಚ್ಚಿಲ್ಲ.

ಟ್ಯೂನಿಂಗ್ ಅನ್ನು ಡೈನೊ (ಕಾರು ನಿಂತಲ್ಲೇ ಚಕ್ರದ ಶಕ್ತಿ ಅಳೆಯುವ ಯಂತ್ರ) ಮೇಲೆ ಮಾಡಿದೆ. ವೇಸ್ಟ್‌ಗೇಟ್ ಸ್ಪ್ರಿಂಗ್ 0.4 ಬಾರ್‌ನದ್ದು, ಅಲ್ಲಿಂದ 0.5ಕ್ಕೆ ಏರಿಸಲು ಸೊಲೆನಾಯ್ಡ್ (ಕಂಪ್ಯೂಟರ್ ನಡೆಸುವ ವಿದ್ಯುತ್ ಕವಾಟ). ಮೊದಲು ಪೆಟ್ರೋಲ್ ಸರಿಮಾಡಿ, ಆಮೇಲೆ ಕಿಡಿ. ಕಿಡಿಯನ್ನು ಬೇಕೆಂದೇ ತಡ ಮಾಡಿ ಶುರು ಮಾಡಿದೆ, 4,000 ಆರ್‌ಪಿಎಂ ಪೂರ್ತಿ ಬೂಸ್ಟ್‌ನಲ್ಲಿ 16 ಡಿಗ್ರಿ, ಅಂದರೆ ಪಿಸ್ಟನ್ ತುದಿ ಮುಟ್ಟಲು ಕ್ರ್ಯಾಂಕ್ ಇನ್ನೂ 16 ಡಿಗ್ರಿ ತಿರುಗಬೇಕಿರುವಾಗ ಕಿಡಿ. ಒಂದೊಂದೇ ಡಿಗ್ರಿ ಸೇರಿಸುತ್ತಾ ಹೋದರೆ ಟಾರ್ಕ್ ಏರುತ್ತದೆ, ಒಂದು ಹಂತದಲ್ಲಿ ಏರುವುದು ನಿಲ್ಲುತ್ತದೆ. 22ರ ಆಚೆ ಸಿಕ್ಕಿದ್ದು ಏನೂ ಇಲ್ಲ. 21ರಲ್ಲಿ ನಿಲ್ಲಿಸಿದೆ. ಬೂಸ್ಟ್ ಇಲ್ಲದೆ ನಿಧಾನಕ್ಕೆ ಹೋಗುವಾಗ ಅದೇ ಎಂಜಿನ್ 36 ಡಿಗ್ರಿ ತೆಗೆದುಕೊಳ್ಳುತ್ತದೆ. ಇಷ್ಟು ಅಂತರವನ್ನು ಹಳೆಯ ಡಿಸ್ಟ್ರಿಬ್ಯೂಟರ್‌ನ ತೂಕ, ಸ್ಪ್ರಿಂಗ್‌ಗಳಿಂದ ತರುವುದು ಆಗದ ಮಾತು. ನನ್ನ ಪ್ರಕಾರ ಈ ಇಡೀ ಕೆಲಸದಲ್ಲಿ ಎಂಜಿನ್ ಉಳಿಸಿದ ಭಾಗ ಯಾವುದು ಅಂದರೆ ಕಂಪ್ಯೂಟರ್‌ನಲ್ಲಿರುವ ಈ ಕಿಡಿ ಸಮಯದ ಕೋಷ್ಟಕ. ಟರ್ಬೊಗಿಂತ ಜಾಸ್ತಿ ಹೊತ್ತು ಇದರ ಮೇಲೆ ಹೋಯಿತು.

ಎಕ್ಸಾಸ್ಟ್ ಬಿಸಿ ಟರ್ಬೊ ಮುಂಚೆ 850 ಡಿಗ್ರಿ ದಾಟಲಿಲ್ಲ. 6,000ದಲ್ಲಿ ಇಂಜೆಕ್ಟರ್ ಶೇಕಡಾ 51 ತೋರಿಸಿತು. ಲೆಕ್ಕ ಹೇಳಿದ್ದು 53. ಚಕ್ರದ ಬಳಿ 140ರ ಆಸುಪಾಸು ಹಾರ್ಸ್‌ಪವರ್, ಗೇರ್‌ಬಾಕ್ಸ್ ಮತ್ತು ಡಿಫರೆನ್ಶಿಯಲ್ ತಿಂದದ್ದನ್ನು ಸೇರಿಸಿದರೆ ಅಂದುಕೊಂಡ ಜಾಗವೇ.

ಮುಖ್ಯವಾದದ್ದು ಟಾರ್ಕ್ ಗೆರೆಯ ಆಕಾರ. ಬೂಸ್ಟ್ 2,300ರಲ್ಲಿ ಕಾಣಿಸಿಕೊಳ್ಳುತ್ತದೆ, 3,000 ಮುಟ್ಟುವ ಹೊತ್ತಿಗೆ ಪೂರ್ತಿ ಬಂದಿರುತ್ತದೆ. 1973ರ ಕಾರಿಗೆ ಗರಿಷ್ಠ ಟಾರ್ಕ್ 240 ನ್ಯೂಟನ್ ಮೀಟರ್, ಅದೂ 4,000ದಲ್ಲಿ. ಇಲ್ಲಿ 3,000ದಿಂದ 5,000ದವರೆಗೆ ಗೆರೆ ಹೆಚ್ಚುಕಡಿಮೆ ಸಮತಟ್ಟು. ರಸ್ತೆಯಲ್ಲಿ ಟರ್ಬೊ ಇದೆ ಅನ್ನಿಸುವುದೇ ಕಡಿಮೆ, ಎಂಜಿನ್ ದೊಡ್ಡದಾಗಿದೆ ಅನ್ನಿಸುತ್ತದೆ.

ಅಷ್ಟು ಟಾರ್ಕ್ ಕೆಳಗಿನಿಂದಲೇ ಬಂದಾಗ ಹಳೆಯ ಕ್ಲಚ್ ಮೇಲಿನ ಗೇರ್‌ನಲ್ಲಿ ಜಾರತೊಡಗಿತು. ಗಟ್ಟಿ ಪ್ರೆಶರ್ ಪ್ಲೇಟ್ ಹಾಕಿ ಅದನ್ನು ಮುಗಿಸಿದೆ. ಮೊದಲೆರಡು ಗೇರ್‌ನಲ್ಲಿ ಬೂಸ್ಟ್ 0.4ಕ್ಕೇ ನಿಲ್ಲುವಂತೆ ಸೊಲೆನಾಯ್ಡ್‌ಗೆ ಹೇಳಿದ್ದೇನೆ, ಗೇರ್‌ಬಾಕ್ಸ್ ಹಳೆಯದೇ ಇರುವ ತನಕ ಹಾಗೇ ಇರುತ್ತದೆ. ಆಯಿಲ್ 5,000 ಕಿ.ಮೀ.ಗೆ ಬದಲು. ಕ್ಯಾಮ್ ಮೇಲೆ ರಾಕರ್ ಉಜ್ಜುವ ಎಂಜಿನ್ ಆದ್ದರಿಂದ ಸತು ಜಾಸ್ತಿ ಇರುವ ಆಯಿಲ್ಲೇ ಬೇಕು.

ಬಾಕಿ ಇರುವುದು ಬ್ರೇಕ್. 2002 ಟರ್ಬೊಗೆ ಕಂಪನಿ ಮುಂದೆ ಗಾಳಿಯಾಡುವ ಡಿಸ್ಕ್ ಕೊಟ್ಟಿತ್ತು, ಈ ಕಾರಿನಲ್ಲಿ ಇನ್ನೂ ಘನ ಡಿಸ್ಕ್‌ಗಳೇ ಇವೆ. ಇಳಿಜಾರಿನಲ್ಲಿ ನಾಲ್ಕಾರು ಸಲ ಜೋರಾಗಿ ಹಿಡಿದರೆ ಪೆಡಲ್ ಉದ್ದವಾಗುತ್ತದೆ. ಹಬ್ ಮತ್ತು ಕ್ಯಾಲಿಪರ್ ಅಳತೆ ತೆಗೆದಾಗಿದೆ. ಅದು ಮುಗಿಯುವವರೆಗೆ ಯಾವ ಗೇರ್‌ನಲ್ಲೂ ಬೂಸ್ಟ್ 0.4 ದಾಟುವುದಿಲ್ಲ.